ಹಲ್ಲನ್ನು ಹಿಡಿದಿರುವ ಎಳೆಗಳು



ಒಮ್ಮೆ ಚಿತ್ರೀಕರಣಕ್ಕೆಂದು ಮಧುಗಿರಿಗೆ ಹೋಗಿದ್ದೆವು. ಹೈಸ್ಕೂಲು ಹುಡುಗಿಯೊಬ್ಬಳು ಪ್ರಶ್ನೆಗಳಿಗೆಲ್ಲ ಚೆನ್ನಾಗಿ ಉತ್ತರ ಹೇಳಿದಳು. ಬಾಯಿಗೆ ಅಡ್ಡ ಹಿಡಿದ ಕೈಯನ್ನು ಮಾತ್ರ ತೆಗೆಯಲಿಲ್ಲ. ಹಲ್ಲಿನ ಮೇಲೆ ಕಂದು ಕಲೆಗಳಿದ್ದವು. “ದಿನಾ ಇಟ್ಟಿಗೆ ಪುಡಿ ಹಾಕಿ ತಿಕ್ತೀನಿ ಸಾರ್, ರಕ್ತ ಬರುತ್ತೆ, ಕಲೆ ಹೋಗಲ್ಲ” ಎಂದಳು.

ಆ ಕಲೆ ಕೊಳೆಯಲ್ಲ. ಮಧುಗಿರಿ, ಪಾವಗಡ, ಶಿರಾ ತಾಲ್ಲೂಕುಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದರೆ, ಎಳವೆಯಲ್ಲಿ ಎನಾಮಲ್ ರೂಪುಗೊಳ್ಳುವಾಗಲೇ ಅದರೊಳಗೆ ದೋಷ ಉಂಟಾಗುತ್ತದೆ. ಎಷ್ಟು ಉಜ್ಜಿದರೂ ಅದು ಹೋಗದು. ಸವೆಯುವುದು ಎನಾಮಲ್, ಗಾಯಗೊಳ್ಳುವುದು ಒಸಡು.

ಒಸಡಿಗೆ ಗಾಯವಾದರೆ ಏನಂತೆ ಎನ್ನುವಿರಾ? ಮಧುಗಿರಿಯ ಏಕಶಿಲಾ ಬೆಟ್ಟ ನೆಲದೊಡನೆ ಒಂದಾಗಿ ನಿಂತಿದೆ. ಹಲ್ಲು ಹಾಗೆ ಮೂಳೆಯೊಡನೆ ಬೆರೆತಿಲ್ಲ. ನಡುವೆ ಮಿಲಿಮೀಟರಿನ ಸುಮಾರು ಐದನೆಯ ಒಂದು ಭಾಗದಷ್ಟು ತೆರಪಿದೆ. ಅದರ ತುಂಬ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ಅವುಗಳ ಒಂದು ತುದಿ ಹಲ್ಲಿನ ಬೇರಿನಲ್ಲಿ, ಇನ್ನೊಂದು ಮೂಳೆಯಲ್ಲಿ ಹುದುಗಿದೆ. ಹಗ್ಗಗಳಲ್ಲಿ ತೂಗುವ ತೊಟ್ಟಿಲಿನಂತೆ ಹಲ್ಲು ಈ ಎಳೆಗಳಲ್ಲಿ ನಿಂತಿದೆ. ಹುರಿದ ಕಡಲೆಕಾಯಿ ಅಗಿಯುವಾಗ ಬೀಳುವ ಒತ್ತಡವನ್ನು ತಾಳಿಕೊಳ್ಳುವುದು ಇವೇ. ಒಸಡಿನೊಳಗೂ ಇಂಥ ಎಳೆಗಳಿವೆ. ಚೀಲದ ಬಾಯಿಯ ಲಾಡಿಯಂತೆ ಹಲ್ಲಿನ ಕೊರಳನ್ನು ಸುತ್ತಿ, ಒಸಡನ್ನು ಬಿಗಿಯಾಗಿ ಹಿಡಿಯುತ್ತವೆ.

ಕೊಲಾಜೆನ್ ತಯಾರಾಗಲು ವಿಟಮಿನ್ ಸಿ ಬೇಕು. ಹಿಂದೆ ತಿಂಗಳುಗಟ್ಟಲೆ ಹಣ್ಣು, ತರಕಾರಿ ಕಾಣದ ನಾವಿಕರಿಗೆ ಒಸಡು ಊದಿ, ಹಲ್ಲು ಸಡಿಲವಾಗುತ್ತಿದ್ದವು. ಅಂಥವರು ಕಿತ್ತಳೆ, ನಿಂಬೆಯಿಂದ ಚೇತರಿಸಿಕೊಳ್ಳುವುದನ್ನು ಜೇಮ್ಸ್ ಲಿಂಡ್ ಎಂಬ ವೈದ್ಯರು 1747ರಲ್ಲಿ ಹಡಗಿನಲ್ಲೇ ಪರೀಕ್ಷಿಸಿ ತೋರಿಸಿದರು. ನಮಗೆ ನೆಲ್ಲಿಕಾಯಿ, ಸೀಬೆಹಣ್ಣು ಇವೆ.

ಆದರೆ ಇಂದು ಒಸಡಿನಿಂದ ರಕ್ತ ಬರಲು ಸಾಮಾನ್ಯ ಕಾರಣ ಬೇರೆ. ಹಲ್ಲಿನ ಬುಡದಲ್ಲಿ ಕೂರುವ ಬ್ಯಾಕ್ಟೀರಿಯಾಗಳ ಅಂಟುಪದರವೇ ಅದು. ಮೊದಲ ಹಂತದಲ್ಲಿ ಚೊಕ್ಕಟವಾಗಿಟ್ಟುಕೊಂಡರೆ ಒಸಡು ಮತ್ತೆ ಮೊದಲಿನಂತಾಗುತ್ತದೆ. ಅಲಕ್ಷಿಸಿದರೆ ಉರಿಯೂತ ಆಳಕ್ಕಿಳಿದು ಎಳೆಗಳು ನಾಶವಾಗುತ್ತವೆ, ಮೂಳೆ ಕರಗುತ್ತದೆ. ಹುಳುಕೇ ಇಲ್ಲದ ಹಲ್ಲೂ ಅಲುಗಾಡಿ ಬೀಳುತ್ತದೆ. ಹೊಗೆಸೊಪ್ಪು ಇದಕ್ಕೆ ಇನ್ನಷ್ಟು ದಾರಿ ಮಾಡಿಕೊಡುತ್ತದೆ.

ಆ ಹುಡುಗಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಇಟ್ಟಿಗೆ ಪುಡಿ ಬಿಡಿ; ಮೆತ್ತನೆಯ ಬ್ರಷ್ಷಿನಿಂದ ದಿನಕ್ಕೆ ಎರಡು ಸಲ ಉಜ್ಜಿ. ಕಲೆಗೂ ರಕ್ತಕ್ಕೂ ದಂತವೈದ್ಯರನ್ನು ಕಾಣಿ. ಕಲೆ ನಿಮ್ಮ ತಪ್ಪಲ್ಲ, ಅದು ನೀರಿನದು. ನಗುವಾಗ ಕೈ ಅಡ್ಡ ಹಿಡಿಯಬೇಕಾಗಿಲ್ಲ.