ಡೋರ್ನ್‌ಬಿರ್ನ್‌ನ ಹುಡುಗಿಗೆ ನಮ್ಮ ಚಪ್ಪಾಳೆ



ನಾಡುನುಡಿಯ ಬಗ್ಗೆ ಆಡಬೇಕಾದ ಮಾತನ್ನು ನಮ್ಮ ಸಂಘದ ಅಧ್ಯಕ್ಷರು ಆಗಲೇ ಆಡಿದ್ದಾರೆ. ನಮಗೆ ಅನ್ನ ಕೊಡುತ್ತಿರುವ ಈ ಆಸ್ಟ್ರಿಯಾದ ಒಬ್ಬ ಹೆಣ್ಣುಮಗಳ ಬಗ್ಗೆ ನಾನು ಮಾತಾಡುತ್ತೇನೆ. ಆಕೆಯ ಹೆಸರು ಕ್ಯಾರೊಲಿನ್ ವೇಬರ್. ರಿದಮಿಕ್ ಜಿಮ್ನಾಸ್ಟಿಕ್ಸ್ ಆಟಗಾರ್ತಿ. ಹಲವು ಬಾರಿ ಈ ದೇಶದ ಚಾಂಪಿಯನ್. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದರು, 2012ರಲ್ಲಿ ಲಂಡನ್ನಿಗೆ ಹೋದರು. ಎರಡೂ ಸಲ ಫೈನಲ್ ತಲುಪಲಿಲ್ಲ. ಈ ಸಭೆಯಲ್ಲಿ ಆಕೆಯ ಹೆಸರು ಕೇಳಿದವರು ಕಡಿಮೆ ಎಂದು ನನಗೆ ಗೊತ್ತು. ಅದಕ್ಕೇ ಹೇಳಬೇಕು ಅನ್ನಿಸಿತು.

ಕ್ಯಾರೊಲಿನ್ ಹುಟ್ಟಿದ್ದು 1986ರಲ್ಲಿ, ಫೊರಾರ್ಲ್‌ಬೆರ್ಗ್ ಪ್ರಾಂತ್ಯದ ಡೋರ್ನ್‌ಬಿರ್ನ್‌ನಲ್ಲಿ. ದೇಶದ ಪಶ್ಚಿಮದ ತುತ್ತತುದಿ ಅದು. ಬೀದರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ ಇದ್ದ ಹಾಗೆ, ಅಲ್ಲಿಯವರಿಗೆ ನಮ್ಮ ಈ ವಿಯೆನ್ನಾಕ್ಕಿಂತ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಹತ್ತಿರ. ಒಂದು ಕಾಲಕ್ಕೆ ಬಟ್ಟೆ ಗಿರಣಿಗಳ ಊರು. ಆದರೆ ಜಿಮ್ನಾಸ್ಟಿಕ್ಸ್ ಆ ಸೀಮೆಗೆ ಹೊಸದಲ್ಲ. ವ್ಯಾಯಾಮ ಸಂಘಗಳು ಅಲ್ಲಿ ತಲೆಮಾರುಗಳಿಂದ ನಡೆದುಬಂದಿವೆ. ವರ್ಲ್ಡ್ ಜಿಮ್ನಾಸ್ಟ್ರಾಡ ಅಂತ ನಾಲ್ಕು ವರ್ಷಕ್ಕೊಮ್ಮೆ ಒಂದು ದೊಡ್ಡ ಮೇಳ ಆಗುತ್ತದೆ. ಅಲ್ಲಿ ಸ್ಪರ್ಧೆ ಇಲ್ಲ, ಅಂಕ ಇಲ್ಲ, ಪದಕ ಇಲ್ಲ. ಬಂದವರು ತಮ್ಮ ಆಟ ತೋರಿಸುತ್ತಾರೆ, ಬೇರೆಯವರದನ್ನು ನೋಡುತ್ತಾರೆ. 2007ರಲ್ಲೂ 2019ರಲ್ಲೂ ಆ ಮೇಳ ನಡೆದದ್ದು ಡೋರ್ನ್‌ಬಿರ್ನ್‌ನಲ್ಲೇ.

ಇನ್ನು ಆಟದ ವಿಷಯ. ಹದಿಮೂರು ಮೀಟರ್ ಉದ್ದ, ಅಷ್ಟೇ ಅಗಲದ ಹಾಸಿನ ಮೇಲೆ ಒಬ್ಬಳೇ ಹುಡುಗಿ. ಸಮಯ ಒಂದೂಕಾಲು ನಿಮಿಷದಿಂದ ಒಂದೂವರೆ ನಿಮಿಷ. ಕೈಯಲ್ಲಿ ಹೂಪ್, ಚೆಂಡು, ಜೋಡಿ ಕ್ಲಬ್ ಅಥವಾ ರಿಬ್ಬನ್. ಹಿಂದೆ ಹಗ್ಗವೂ ಇತ್ತು. ಕಾಲಿಗೆ ಬೆರಳುಗಳನ್ನು ಮಾತ್ರ ಮುಚ್ಚುವ ಅರ್ಧ ಚಪ್ಪಲಿ, ಹಿಮ್ಮಡಿ ಬರಿದು.

ರಿಬ್ಬನ್ ಒಂದನ್ನೇ ನೋಡಿ. ಆರು ಮೀಟರ್ ಉದ್ದದ ಸ್ಯಾಟಿನ್ ಪಟ್ಟಿ, ಅದರ ತುದಿಗೆ ಅರ್ಧ ಮೀಟರಿನ ಕಡ್ಡಿ. ಟಿವಿಯಲ್ಲಿ ನೋಡುವಾಗ ಅದು ತಾನೇ ತೇಲುತ್ತಿದೆ ಅನ್ನಿಸುತ್ತದೆ. ಮಣಿಕಟ್ಟು ಒಂದು ಕ್ಷಣ ಸುಮ್ಮನಾದರೆ ಪಟ್ಟಿ ನೆಲಕ್ಕೆ ಬೀಳುತ್ತದೆ. ಸುರುಳಿ ಸುತ್ತುತ್ತಿದ್ದರೆ ಆ ಸುರುಳಿ ಬಾಲದ ತುದಿಯವರೆಗೂ ಕಾಣಬೇಕು. ಇಷ್ಟರ ನಡುವೆ ಒಂಟಿಗಾಲಲ್ಲಿ ತಿರುಗಬೇಕು, ಹಾರಬೇಕು, ರಿಬ್ಬನ್ನನ್ನು ಮೇಲಕ್ಕೆಸೆದು ಅದು ಕೆಳಗೆ ಬರುವಷ್ಟರಲ್ಲಿ ಎರಡು ಸುತ್ತು ಉರುಳಿ ಎದ್ದು ಹಿಡಿಯಬೇಕು. ಉರುಳುವಾಗ ಅದು ಕಣ್ಣಿಗೆ ಕಾಣುವುದಿಲ್ಲ. ಎಸೆದ ಕೈಯ ಮೇಲೆ ನಂಬಿಕೆ ಇಟ್ಟು ಉರುಳಬೇಕು. ಗಂಟು ಬಿದ್ದರೆ ಅಂಕ ಹೋಯಿತು, ಬಿಡಿಸುತ್ತ ನಿಂತರೆ ಇನ್ನಷ್ಟು ಹೋಯಿತು. ಸಂಗೀತ ಮಾತ್ರ ಯಾರಿಗೂ ಕಾಯುವುದಿಲ್ಲ. ಹಾಸಿನ ಅಂಚಿನಲ್ಲಿ ಬದಲಿ ರಿಬ್ಬನ್ ಒಂದನ್ನು ಇಟ್ಟಿರುತ್ತಾರೆ. ಅದರ ಕಡೆಗೆ ಓಡಬೇಕಾಗಿ ಬಂದ ಹುಡುಗಿಯ ಮುಖ ನೋಡಿದರೆ ನನಗೆ ಸಂಕಟವಾಗುತ್ತದೆ.

ಈ ಆಟ ಒಲಿಂಪಿಕ್ಸ್‌ಗೆ ಸೇರಿದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಮೊದಲಿನಿಂದಲೂ ಸೋವಿಯತ್ ನಾಡು ಮತ್ತು ಬಲ್ಗೇರಿಯಾ ಇದರ ತವರು. 1995ರ ವಿಶ್ವ ಚಾಂಪಿಯನ್‌ಶಿಪ್ ಇದೇ ವಿಯೆನ್ನಾದಲ್ಲಿ ನಡೆಯಿತು. ಆಗ ಕ್ಯಾರೊಲಿನ್ ಒಂಬತ್ತರ ಹುಡುಗಿ. ಅಲ್ಲಿ ಒಟ್ಟಾರೆ ಚಿನ್ನವನ್ನು ಹಂಚಿಕೊಂಡವರು ಬಲ್ಗೇರಿಯಾದ ಮರಿಯಾ ಪೆಟ್ರೋವಾ ಮತ್ತು ಉಕ್ರೇನಿನ ಎಕಟೆರಿನಾ ಸೆರೆಬ್ರಿಯಾನ್ಸ್ಕಾಯಾ. ಆದರೆ ಆಸ್ಟ್ರಿಯಾದವರ ಮನಸ್ಸೆಲ್ಲ ಹಿಮದ ಮೇಲೆ. ಸ್ಕೀ ಓಟಗಾರರ ಹೆಸರು ಇಲ್ಲಿ ಮನೆಮನೆಗೆ ಗೊತ್ತು, ರಿಬ್ಬನ್ ಹಿಡಿದವರ ಹೆಸರು ಯಾರಿಗೂ ಗೊತ್ತಿಲ್ಲ. ಅಂಥ ದೇಶದಿಂದ ಹೊರಟು ಒಲಿಂಪಿಕ್ಸ್‌ನ ಇಪ್ಪತ್ನಾಲ್ಕು ಜನರಲ್ಲಿ ಒಬ್ಬಳಾಗುವುದು ಎಂದರೇನು, ಯೋಚಿಸಿ.

ವೈಯಕ್ತಿಕ ವಿಭಾಗದಲ್ಲಿ ಒಂದು ದೇಶದಿಂದ ಇಬ್ಬರಿಗಿಂತ ಹೆಚ್ಚು ಜನ ಒಲಿಂಪಿಕ್ಸ್‌ಗೆ ಬರುವಂತಿಲ್ಲ. ರಷ್ಯಾದಲ್ಲಿ ಮೂರನೆಯವಳು ಎಷ್ಟೇ ನಿಪುಣೆಯಾದರೂ ಮನೆಯಲ್ಲೇ ಉಳಿಯುತ್ತಾಳೆ, ಹಾಗಾಗಿ ಸಣ್ಣ ದೇಶದವರಿಗೆ ಜಾಗ ಸಿಗುತ್ತದೆ ಎಂದು ವಾದಿಸುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ರಷ್ಯಾದ ಆ ಮೂರನೆಯವಳ ಬೆನ್ನಿಗೆ ತರಬೇತುದಾರರು, ವೈದ್ಯರು, ನೃತ್ಯ ಕಲಿಸುವವರು, ಪಕ್ಕದಲ್ಲೇ ಅಭ್ಯಾಸ ಮಾಡುವ ಹತ್ತಾರು ಪ್ರತಿಭಾವಂತರು ಇರುತ್ತಾರೆ. ಕ್ಯಾರೊಲಿನ್ ಬೆಳೆದದ್ದು ಅಂಥ ಆಸರೆಯಲ್ಲಲ್ಲ. ಈ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಬೀಜಿಂಗ್‌ನಲ್ಲಿ ಆಕೆಗೆ 22 ವರ್ಷ. ಆ ಸಲ ಚಿನ್ನ ಗೆದ್ದದ್ದು ರಷ್ಯಾದ ಎವ್ಗೇನಿಯಾ ಕನಾಯೆವಾ, ಹದಿನೆಂಟರ ಹುಡುಗಿ. ಫೈನಲ್ಲಿಗೆ ಹತ್ತೇ ಜನ. ಕ್ಯಾರೊಲಿನ್ ಹೊರಗೇ ಉಳಿದರು. ಎಷ್ಟನೇ ಸ್ಥಾನ ಬಂತು ಅಂತ ಕೇಳಬೇಡಿ, ಆ ಪ್ರಶ್ನೆಯನ್ನು ಒಂದು ಸಂಜೆಯ ಮಟ್ಟಿಗಾದರೂ ಬದಿಗಿಡೋಣ.

ಆಮೇಲಿನ ನಾಲ್ಕು ವರ್ಷಗಳೇ ನನಗೆ ದೊಡ್ಡದಾಗಿ ಕಾಣುವುದು. ಈ ಆಟದಲ್ಲಿ ಇಪ್ಪತ್ತೆರಡು ಚಿಕ್ಕ ವಯಸ್ಸಲ್ಲ. ಸೊಂಟ, ಮೊಣಕಾಲು, ಪಾದ ಎಲ್ಲವೂ ಲೆಕ್ಕ ಕೇಳಲು ಶುರು ಮಾಡುವ ಹೊತ್ತು. ನಿಯಮಗಳೂ ಬದಲಾದವು. ಬೀಜಿಂಗ್‌ನಲ್ಲಿ ಹಗ್ಗವಿತ್ತು, ಚೆಂಡು ಇರಲಿಲ್ಲ. ಲಂಡನ್ನಿನಲ್ಲಿ ಚೆಂಡು ಬಂತು, ಹಗ್ಗ ಹೋಯಿತು. ಒಂದು ಸಾಧನಕ್ಕೆ 20 ಇದ್ದ ಗರಿಷ್ಠ ಅಂಕ 30 ಆಯಿತು, ಅಂಕ ಕೊಡುವ ರೀತಿಯೇ ಬೇರೆಯಾಯಿತು. ವರ್ಷಗಟ್ಟಲೆ ಮೈಗೂಡಿಸಿಕೊಂಡದ್ದನ್ನು ಬಿಟ್ಟು ಹೊಸದಾಗಿ ಕಲಿಯಬೇಕು, ಅದೂ ತನಗಿಂತ ಎಷ್ಟೋ ಚಿಕ್ಕವರ ಜೊತೆ. ಪದಕದ ಆಸೆ ಇಲ್ಲ ಎಂಬುದು ತನಗೂ ಗೊತ್ತು, ಜಗತ್ತಿಗೂ ಗೊತ್ತು. ಆದರೂ ಬೆಳಗ್ಗೆ ಎದ್ದು ಹಾಸಿನ ಮೇಲೆ ನಿಂತರಲ್ಲ, ನನಗೆ ಅದು ಗೆದ್ದವರ ಗೆಲುವಿಗಿಂತ ಕಡಿಮೆ ಅನ್ನಿಸುವುದಿಲ್ಲ.

2012ರ ಆಗಸ್ಟ್, ಲಂಡನ್ನಿನ ವೆಂಬ್ಲಿ ಅರೀನಾ. ಕನಾಯೆವಾ ಮತ್ತೆ ಚಿನ್ನ ಗೆದ್ದು, ಈ ಆಟದಲ್ಲಿ ಎರಡು ಸಲ ವೈಯಕ್ತಿಕ ಚಿನ್ನ ಗೆದ್ದ ಮೊದಲಿಗಳಾದಳು. ಅದೇ ಹಾಸಿನ ಮೇಲೆ ಇಪ್ಪತ್ತಾರರ ಕ್ಯಾರೊಲಿನ್ ಕೂಡ ನಾಲ್ಕೂ ಸಾಧನಗಳ ಆಟ ಮುಗಿಸಿದರು. ಆ ಒಲಿಂಪಿಕ್ಸ್‌ನಿಂದ ಇಡೀ ಆಸ್ಟ್ರಿಯಾ ತಂಡ ಒಂದು ಪದಕವೂ ಇಲ್ಲದೆ ಮನೆಗೆ ಬಂತು. ಅಂಥ ಹೊತ್ತಿನಲ್ಲಿ ಫೈನಲ್ ಕಾಣದವರನ್ನು ಯಾರು ನೆನೆಯುತ್ತಾರೆ? ಆದರೆ ದಾರಿ ಮುಚ್ಚಲಿಲ್ಲ. ಮುಂದಿನ ಎರಡು ಒಲಿಂಪಿಕ್ಸ್‌ಗೆ, 2016ರ ರಿಯೊಗೆ ಮತ್ತು 2021ರಲ್ಲಿ ನಡೆದ ಟೋಕಿಯೊಗೆ, ಆಸ್ಟ್ರಿಯಾದಿಂದ ನಿಕೋಲ್ ರುಪ್ರೆಶ್ಟ್ ಹೋದರು. ಆಕೆಯೂ ಎರಡು ಸಲ.

ಬಂಧುಗಳೇ, ಈ ಸಭಾಂಗಣದಲ್ಲಿರುವ ಎಷ್ಟೋ ಹೆಣ್ಣುಮಕ್ಕಳು ಇಲ್ಲಿನ ಕ್ಲಬ್ಬುಗಳಲ್ಲಿ ಈಜುತ್ತಾರೆ, ಓಡುತ್ತಾರೆ, ಜಿಮ್ನಾಸ್ಟಿಕ್ಸ್ ಮಾಡುತ್ತಾರೆ. ಹದಿನಾಲ್ಕು ಹದಿನೈದು ದಾಟುತ್ತಿದ್ದಂತೆ ಅವರಲ್ಲಿ ಬಹಳ ಜನ ನಿಲ್ಲಿಸುತ್ತಾರೆ. ಓದು ಹೆಚ್ಚಾಯಿತು ಅನ್ನುತ್ತೇವೆ. ನಿಜವಾಗಿ ಆಗುವುದೇನೆಂದರೆ, ಮಗಳು ಮೊದಲ ಮೂರರಲ್ಲಿ ಬರುತ್ತಿಲ್ಲ ಎಂದು ಗೊತ್ತಾದ ದಿನ ನಮ್ಮ ಆಸಕ್ತಿ ಇಳಿಯುತ್ತದೆ. ನಮ್ಮ ಆಸಕ್ತಿ ಇಳಿದದ್ದು ಮಕ್ಕಳಿಗೆ ತಕ್ಷಣ ತಿಳಿಯುತ್ತದೆ.

ನಮ್ಮ ಸಂಘ ಪ್ರತಿ ವರ್ಷ ಈ ವೇದಿಕೆಯಲ್ಲಿ ಪ್ರತಿಭಾ ಪುರಸ್ಕಾರ ಕೊಡುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದವರಿಗೆ ಶಾಲು, ಫಲಕ, ಚಪ್ಪಾಳೆ. ಅದು ಮುಂದುವರಿಯಲಿ. ಆದರೆ ಬರುವ ವರ್ಷದಿಂದ ಒಂದು ಆಟವನ್ನು ಐದು ವರ್ಷ ಬಿಡದೆ ಆಡಿದ ಮಕ್ಕಳನ್ನೂ ಇಲ್ಲಿಗೆ ಕರೆಯೋಣ ಎಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಳ್ಳುತ್ತೇನೆ. ಊಟಕ್ಕೆ ಹೋಗುವ ಮುನ್ನ ಬಾಗಿಲ ಬಳಿಯ ಮೇಜಿನಲ್ಲಿ ನಿಮ್ಮ ಮಗುವಿನ ಹೆಸರು, ಆಟ, ಶುರು ಮಾಡಿದ ವರ್ಷ, ಈ ಮೂರನ್ನು ಬರೆದುಕೊಡಿ. ಗೆದ್ದ ಸ್ಥಾನವನ್ನು ಬರೆಯಬೇಡಿ.