ಬಲೂನನ್ನು ಎತ್ತುವವರು ಯಾರು?



ಜಾತ್ರೆ ಮುಗಿಸಿಕೊಂಡು ಕಾರಿನಲ್ಲಿ ಊರಿಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಮೊಮ್ಮಗಳು, ಅವಳ ಕೈಯಲ್ಲಿ ದಾರ ಕಟ್ಟಿದ ಗ್ಯಾಸ್ ಬಲೂನು. ಧೂಳೆಂದು ಗಾಜು ಏರಿಸಿದ್ದೆವು. ಎಮ್ಮೆಯೊಂದು ಅಡ್ಡ ಬಂತು, ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರು. ನಾವೆಲ್ಲ ಮುಂದಕ್ಕೆ ಮುಗ್ಗರಿಸಿದೆವು. ಬಲೂನು ಮಾತ್ರ ಹಿಂದಕ್ಕೆ ವಾಲಿತು!

"ಅದ್ಯಾಕೆ ತಾತ, ಬಲೂನು ಹಿಂದಕ್ಕೆ ಹೋಯ್ತು?"

ಇದು ಬಲೂನು ಮೇಲೇರುವುದೇಕೆ ಎಂಬ ಪ್ರಶ್ನೆಯೇ. ಉತ್ತರ ಸಿಗಲು ಮನುಷ್ಯರಿಗೆ ಬಹಳ ಕಾಲ ಹಿಡಿಯಿತು.

ಬಾವಿಯಲ್ಲಿ ನೀರು ಸೇದಿದವರಿಗೆ ಗೊತ್ತು: ಕೊಡ ನೀರೊಳಗಿರುವ ತನಕ ಹಗುರ, ಮೇಲೆ ಬಂದೊಡನೆ ಹಗ್ಗ ಕೈ ಕೊಯ್ಯುತ್ತದೆ. ವಸ್ತು ಎಷ್ಟು ನೀರನ್ನು ಸರಿಸುತ್ತದೋ ಅಷ್ಟು ನೀರಿನ ತೂಕದಷ್ಟು ಬಲ ಅದನ್ನು ಮೇಲಕ್ಕೆ ನೂಕುತ್ತದೆ ಎಂದು ಆರ್ಕಿಮಿಡೀಸ್ ಕ್ರಿ.ಪೂ. 3ನೇ ಶತಮಾನದಲ್ಲೇ ಹೇಳಿದ್ದ. ಗಾಳಿಗೂ ಈ ಮಾತು ಸಲ್ಲಬೇಕಾದರೆ ಮೊದಲು ಗಾಳಿಗೆ ತೂಕವಿದೆ ಎಂದು ಒಪ್ಪಬೇಕಲ್ಲ? ಅದನ್ನು ತೋರಿಸಿಕೊಟ್ಟದ್ದು 17ನೇ ಶತಮಾನದಲ್ಲಿ ಇಟಲಿಯ ಟೊರಿಸೆಲ್ಲಿಯ ಪಾದರಸದ ಕೊಳವೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯೊಳಗಿನ ಗಾಳಿಯ ತೂಕ ಸುಮಾರು 34 ಕಿಲೋ. 25 ಕಿಲೋ ಅಕ್ಕಿ ಮೂಟೆಗಿಂತ ಹೆಚ್ಚು!

ಗಾಳಿಗೆ ತೂಕವಿದೆ ಎಂಬುದನ್ನು ಕೇಳಿ ಕನಸು ಕಟ್ಟಿದವನು ಇಟಲಿಯ ಪಾದ್ರಿ ಫ್ರಾನ್ಸೆಸ್ಕೋ ಲಾನಾ. ತೆಳು ತಾಮ್ರದ ನಾಲ್ಕು ದೊಡ್ಡ ಗೋಳ ಮಾಡಿ, ಒಳಗಿನ ಗಾಳಿಯನ್ನೆಲ್ಲ ತೆಗೆದು, ಕೆಳಗೆ ದೋಣಿ ಕಟ್ಟಿದರೆ ಅದು ತೇಲುತ್ತದೆ ಎಂದು 1670ರಲ್ಲಿ ಬರೆದ. ನನಗೆ ಇವನ ಮೇಲೆ ವಿಶೇಷ ಪ್ರೀತಿ. ತರ್ಕ ಪೂರ್ತಿ ಸರಿ. ಆದರೆ ಬರಿದಾದ ತೆಳು ಗೋಳವನ್ನು ಹೊರಗಿನ ಗಾಳಿಯೇ ಅಪ್ಪಚ್ಚಿ ಮಾಡಿಬಿಡುತ್ತದೆ. ಒಳಗಿನಿಂದ ಎದುರು ಒತ್ತುವ ಏನಾದರೂ ಬೇಕು, ಅದು ಹಗುರವೂ ಆಗಿರಬೇಕು.

ಅದು ಕೂಡಿಬಂದದ್ದು 1783ರಲ್ಲಿ, ಫ್ರಾನ್ಸಿನಲ್ಲಿ. ಆನೊನೇ ಊರಿನ ಕಾಗದ ತಯಾರಕರಾದ ಮಾಂಗಾಲ್ಫಿಯೇ ಸಹೋದರರು ಜೂನ್ ತಿಂಗಳಲ್ಲಿ ಬಟ್ಟೆ, ಕಾಗದದ ದೊಡ್ಡ ಚೀಲವನ್ನು ಹುಲ್ಲು, ಉಣ್ಣೆ ಸುಟ್ಟ ಬೆಂಕಿಯ ಮೇಲೆ ಹಿಡಿದು ಹಾರಿಸಿದರು. ಹೊಗೆಯಲ್ಲೇ ಯಾವುದೋ ವಿಶೇಷ ಅನಿಲವಿದೆ ಎಂದು ಅವರು ನಂಬಿದ್ದರು. ಹೊಗೆಯ ಮಹಿಮೆ ಏನೂ ಇರಲಿಲ್ಲ. ಕಾದ ಗಾಳಿ ಹಿಗ್ಗುತ್ತದೆ, ಅಷ್ಟೇ. ಒಂದು ಘನ ಮೀಟರ್ ಗಾಳಿ 1,200 ಗ್ರಾಂ ತೂಗಿದರೆ, 100 ಡಿಗ್ರಿಗೆ ಕಾದದ್ದು 950 ಗ್ರಾಂ.

ಅದೇ ವರ್ಷ ಆಗಸ್ಟ್ 27ರಂದು ಪ್ಯಾರಿಸ್ಸಿನಲ್ಲಿ ಜಾಕ್ ಷಾರ್ಲ್ ಹೈಡ್ರೋಜನ್ ಬಲೂನು ಬಿಟ್ಟ. ಅರ್ಧ ಟನ್ನಿನಷ್ಟು ಕಬ್ಬಿಣದ ಚೂರಿನ ಮೇಲೆ ಗಂಧಕಾಮ್ಲ ಸುರಿದು, ರಬ್ಬರ್ ಬಳಿದ ರೇಷ್ಮೆ ಚೀಲಕ್ಕೆ ದಿನಗಟ್ಟಲೆ ಅನಿಲ ತುಂಬಿಸಿದ್ದರು. ಮೇಲೆ ಹೋದಂತೆ ಹೊರಗಿನ ಗಾಳಿ ತೆಳುವಾಗಿ ಬಿಗಿದಿದ್ದ ಚೀಲ ಹರಿಯಿತು. ಬಿದ್ದದ್ದು ಗೊನೆಸ್ ಎಂಬ ಹಳ್ಳಿಯಲ್ಲಿ. ಆಕಾಶದಿಂದ ಬಿದ್ದು ಬುಸುಗುಡುತ್ತ ಹೊರಳುವುದನ್ನು ಕಂಡ ರೈತರು ಹೆದರಿ ಕವೆಗೋಲಿನಿಂದ ಇರಿದರು. ಅವರನ್ನು ನೋಡಿ ನಗಲು ನನಗೆ ಮನಸ್ಸಾಗುವುದಿಲ್ಲ. ಅಂಥದ್ದನ್ನು ಅವರಿಗೆ ಮೊದಲು ಯಾರು ತೋರಿಸಿದ್ದರು? ನವೆಂಬರ್ 21ರಂದು ಇಬ್ಬರು ಮನುಷ್ಯರೇ ಬಿಸಿಗಾಳಿ ಬಲೂನಿನಲ್ಲಿ ಪ್ಯಾರಿಸ್ಸಿನ ಮೇಲೆ ತೇಲಿದರು.

ಬಲೂನಿಗೆ ತುಂಬುವ ಇನ್ನೊಂದು ಅನಿಲ ಹೀಲಿಯಂ ಬಂದದ್ದು ಬಹಳ ತಡವಾಗಿ. ಭೂಮಿಯ ಮೇಲೆ ಅದನ್ನು ವಿಜ್ಞಾನಿ ರ‍್ಯಾಮ್ಸೆ ಗುರುತಿಸಿದ್ದು 1895ರಲ್ಲಿ. ಹೀಲಿಯಂ ಹೈಡ್ರೋಜನ್‌ನ ಎರಡರಷ್ಟು ಭಾರ. ಹಾಗಾದರೆ ಅರ್ಧದಷ್ಟೇ ಎತ್ತಬೇಕಲ್ಲವೇ? ಇಲ್ಲ, ಹೈಡ್ರೋಜನ್ ಎತ್ತುವುದರ ಶೇಕಡ 90ಕ್ಕಿಂತ ಹೆಚ್ಚೇ ಎತ್ತುತ್ತದೆ! ಏಕೆಂದರೆ ಎತ್ತುವುದು ಒಳಗಿನ ಅನಿಲವಲ್ಲ, ಹೊರಗಿನ ಗಾಳಿ. ಒಂದಡಿ ಅಗಲದ ಬಲೂನು ಸರಿಸುವ ಗಾಳಿ ಸುಮಾರು 17 ಗ್ರಾಂ. ಒಳಗಿನ ಹೀಲಿಯಂ ಮೂರು ಗ್ರಾಂ ಕೂಡ ಇಲ್ಲ. ಬಾಯಿಂದ ಊದಿದ್ದರಲ್ಲಿ ಒಳಗೂ ಗಾಳಿಯೇ, ಜೊತೆಗೆ ರಬ್ಬರಿನ ಭಾರ, ಅದು ನೆಲಕ್ಕಿಳಿಯುತ್ತದೆ. ಹೈಡ್ರೋಜನ್ ಹೊತ್ತಿಕೊಂಡರೆ ಏನಾಗುತ್ತದೆಂದು 1937ರಲ್ಲಿ ಹಿಂಡನ್‌ಬರ್ಗ್ ವಾಯುನೌಕೆಯ ಉರಿ ತೋರಿಸಿತು. ಜಾತ್ರೆಯ ಬಲೂನುಗಳಲ್ಲಿ ಇವತ್ತಿಗೂ ಅದೇ ಇರಬಹುದು. ದಯವಿಟ್ಟು ದೀಪ, ಬೀಡಿ, ಸ್ಟವ್ ಹತ್ತಿರ ತರಬೇಡಿ.

ಇನ್ನು ಮೊಮ್ಮಗಳ ಪ್ರಶ್ನೆ. ಬ್ರೇಕ್ ಬಿದ್ದಾಗ ಮುಗ್ಗರಿಸಿದ್ದು ನಾವಷ್ಟೇ ಅಲ್ಲ. ಕಾರಿನೊಳಗಿನ ಗಾಳಿಗೂ ತೂಕವಿದೆ. ಅದೂ ನಮ್ಮಂತೆಯೇ ಮುಂದಿನ ಗಾಜಿನತ್ತ ಒತ್ತರಿಸಿತು. ಅಲ್ಲಿ ಗಾಳಿ ದಟ್ಟವಾಯಿತು, ತನಗಿಂತ ಹಗುರಾದ ಬಲೂನನ್ನು ಹಿಂದಕ್ಕೆ ತಳ್ಳಿತು. ಹೀಗೆಂದಾಗ ಅವಳು ಬಲೂನು ಬಿಟ್ಟು, ಏನೂ ಕಾಣದ ಮುಂದಿನ ಗಾಜಿನ ಕಡೆ ದಿಟ್ಟಿಸಿದಳು. "ಇನ್ನೊಂದ್ಸಲ ಬ್ರೇಕ್ ಹಾಕಿ ಮಾಮ" ಎಂದಳು.