ಬನ್ಸಿ ರವೆಗೂ ಕಲ್ಲೆದೆಗೂ ಏನು ನಂಟು?

ಮಕ್ಕಳೇ, ಇವತ್ತು ಒಂದು ಪದದ ಬೆನ್ನು ಹತ್ತಿ ಹೋಗೋಣ. ಹೊರಡುವುದು ಅಡುಗೆಮನೆಯಿಂದ. ಅಜ್ಜಿಯನ್ನು ಕೇಳಿ ಒಂದು ಚಿಟಿಕೆ ಬನ್ಸಿ ರವೆ, ಒಂದು ಚಿಟಿಕೆ ಚಪಾತಿ ಹಿಟ್ಟು ತನ್ನಿ. ಎರಡನ್ನೂ ಬೇರೆ ಬೇರೆಯಾಗಿ ಬೆರಳ ನಡುವೆ ಹೊಸಕಿ ನೋಡಿ. ಹಿಟ್ಟು ಸದ್ದಿಲ್ಲದೆ ಜಾರುತ್ತದೆ. ರವೆ ಗರಗರ ಎನ್ನುತ್ತದೆ, ಚರ್ಮಕ್ಕೆ ಒತ್ತುತ್ತದೆ, ಎಷ್ಟು ಹೊಸಕಿದರೂ ಪುಡಿಯಾಗುವುದಿಲ್ಲ.

ಬನ್ಸಿ ರವೆಯಾಗುವ ಗೋಧಿಯ ಜಾತಿಗೆ ಡ್ಯೂರಮ್ ಎಂದು ಹೆಸರು. ಇದರ ಕಾಳು ಬಹಳ ಗಟ್ಟಿ. ಗಿರಣಿಗೆ ಹಾಕಿದರೆ ನುಣ್ಣಗಾಗುವ ಬದಲು ಒಡೆದು ಚೂರುಚೂರಾಗುತ್ತದೆ. ಆ ತಿಳಿಹಳದಿ ಚೂರುಗಳೇ ನಿಮ್ಮ ಕೈಯಲ್ಲಿರುವ ರವೆ. ಹೆಸರೂ ಅದನ್ನೇ ಹೇಳುತ್ತದೆ ನೋಡಿ. ಎರಡು ಸಾವಿರ ವರ್ಷಗಳ ಹಿಂದೆ ರೋಮ್‌ನ ಜನ ಲ್ಯಾಟಿನ್ ಭಾಷೆ ಆಡುತ್ತಿದ್ದರು. ಆ ಭಾಷೆಯಲ್ಲಿ ‘ಡೂರುಸ್’ ಎಂದರೆ ಗಟ್ಟಿ. ಡ್ಯೂರಮ್ ಅದರದೇ ಇನ್ನೊಂದು ರೂಪ.

ಈಗ ನಾವು ಹುಡುಕಿ ಹೊರಟ ಪದ. ಇಂಗ್ಲಿಷಿನಲ್ಲಿ ‘ಆಬ್ಡ್ಯುರೇಟ್’ ಅಂತ ಒಂದಿದೆ. ಉಚ್ಚರಿಸಲು ತುಸು ಕಷ್ಟ, ಎರಡು ಸಲ ಹೇಳಿಕೊಳ್ಳಿ. ಯಾರು ಎಷ್ಟು ಬೇಡಿಕೊಂಡರೂ, ಎದುರಿಗೇ ಅತ್ತರೂ ಕರಗದೆ ತನ್ನ ಹಠವನ್ನೇ ಹಿಡಿದು ಕೂತವರನ್ನು ಹಾಗೆನ್ನುತ್ತಾರೆ. ಪದದ ನಡುವೆ ಕಿವಿಗೊಟ್ಟರೆ ‘ಡ್ಯುರ್’ ಎಂಬ ಸದ್ದು ಕೇಳುತ್ತದಲ್ಲ? ಅದು ನಮ್ಮ ಉಪ್ಪಿಟ್ಟಿನ ರವೆಯ ನೆಂಟ! ಲ್ಯಾಟಿನ್‌ನಲ್ಲಿ ‘ಗಟ್ಟಿಯಾಗಿಸು’ ಎಂಬ ಅರ್ಥದ ಮಾತಿನಿಂದ ಹುಟ್ಟಿ, 15ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದ ಪದ ಅದು.

ನನಗೆ ಬಹಳ ಇಷ್ಟವಾದ ಸಂಗತಿ ಇನ್ನು ಮುಂದಿದೆ. ಆಬ್ಡ್ಯುರೇಟ್ ಎಂದರೆ ಬರೀ ‘ಗಟ್ಟಿ’ ಅಲ್ಲ, ‘ಗಟ್ಟಿಯಾಗಿಹೋದದ್ದು’. ಚಪಾತಿಗೆ ಕಲಸಿದ ಹಿಟ್ಟನ್ನು ಮುಚ್ಚದೆ ಮರೆತರೆ ಏನಾಗುತ್ತದೆ? ಸ್ವಲ್ಪ ಹೊತ್ತಿನಲ್ಲೇ ಮೇಲೆ ಒಂದು ಪದರ ಒಣಗಿ ಬಿರುಸಾಗುತ್ತದೆ. ಮೊದಲು ಬೆರಳು ಮುಟ್ಟಿದರೆ ಸಾಕು, ಗುಳಿ ಬೀಳುತ್ತಿತ್ತು. ಈಗ ಒತ್ತಿದರೂ ಗುರುತು ಮೂಡದು. ಆ ಪದದೊಳಗಿನ ಚಿತ್ರ ಅಂಥದ್ದು. ಒಂದು ಕಾಲಕ್ಕೆ ಮೆತ್ತಗಿತ್ತು ಎಂಬ ನೆನಪು ಅದರೊಳಗೇ ಇದೆ.

ಡೂರುಸ್‌ನ ಇನ್ನೊಬ್ಬ ನೆಂಟ ನಿಮ್ಮ ತಲೆಯೊಳಗೇ ಇದ್ದಾನೆ. ಮಿದುಳಿಗೆ ಮೂರು ಹೊದಿಕೆಗಳಿವೆ. ಎಲ್ಲಕ್ಕಿಂತ ಹೊರಗಿನದು ಚಕ್ಕಳದಂತೆ ದಪ್ಪ, ಹೆಸರು ‘ಡ್ಯೂರಾ ಮೇಟರ್’. ಅಂದರೆ ಗಟ್ಟಿ ತಾಯಿ! ಅರಬ್ಬಿ ಭಾಷೆಯಲ್ಲಿ ಬರೆದ ಹಳೆಯ ವೈದ್ಯರು ಅದನ್ನು ತಾಯಿ ಎಂದು ಕರೆದಿದ್ದರು, ಲ್ಯಾಟಿನ್‌ಗೆ ತಂದವರು ಹಾಗೆಯೇ ಉಳಿಸಿಕೊಂಡರು. ಒಳಗಿನ ತೆಳು ಹೊದಿಕೆಯೂ ತಾಯಿಯೇ, ಆದರೆ ಮೃದು ತಾಯಿ.

ನಮ್ಮ ಕನ್ನಡವೇನು ಕಡಿಮೆಯೇ? ಮನಸ್ಸನ್ನು ಮುಟ್ಟಿ ನೋಡಲು ಆಗುವುದಿಲ್ಲ. ಅದಕ್ಕೆ ನಮ್ಮವರೂ ಕೈಗೆ ಸಿಗುವ ವಸ್ತುಗಳನ್ನೇ ಸಾಲ ತಂದರು. ಕಲ್ಲಿನಿಂದ ಕಲ್ಲೆದೆ ಬಂತು. ಈಳಿಗೆ ಹರಿತ ಕಳೆದುಕೊಂಡರೆ ಮೊಂಡು, ಹೇಳಿದ ಮಾತು ಒಳಗಿಳಿಯದ ಹುಡುಗನ ಹಠವೂ ಮೊಂಡು. ಆಬ್ಡ್ಯುರೇಟ್‌ಗೆ ತೀರಾ ಹತ್ತಿರದ್ದು ಮಾತ್ರ ‘ಜಡ್ಡುಗಟ್ಟಿದ ಮನಸ್ಸು’. (ಉತ್ತರ ಕರ್ನಾಟಕದ ಮಕ್ಕಳು ನಗಬೇಡಿ, ನಿಮ್ಮ ಕಡೆ ಜಡ್ಡು ಎಂದರೆ ಕಾಯಿಲೆ ಅಂತ ಗೊತ್ತು!) ಇಲ್ಲೂ ‘ಗಟ್ಟಿದ’ ಎಂದಿದೆ ನೋಡಿ. ಹುಟ್ಟುವಾಗ ಇರಲಿಲ್ಲ, ಬರಬರುತ್ತಾ ಆಯಿತು.

ಜಡ್ಡು ಕಟ್ಟುವುದು ಹೇಗೆ? ಪೆನ್ನು ಹಿಡಿಯುವ ಕೈಯ ನಡುಬೆರಳನ್ನು ನೋಡಿಕೊಳ್ಳಿ. ಉಗುರಿನ ಪಕ್ಕ, ಪೆನ್ನು ಒರಗುವಲ್ಲಿ ಒಂದು ಪುಟ್ಟ ಉಬ್ಬು ಕಂಡೀತು. ಒಂದೇ ಜಾಗಕ್ಕೆ ದಿನವೂ ಒತ್ತಡ, ತಿಕ್ಕಾಟ ಆದರೆ ಚರ್ಮ ಅಲ್ಲಿ ಹೆಚ್ಚು ಜೀವಕೋಶಗಳನ್ನು ಹುಟ್ಟಿಸುತ್ತದೆ. ಅವು ಮೇಲೆ ಬರುತ್ತಾ ಕೆರಟಿನ್ ಎಂಬ ಬಿರುಸು ವಸ್ತು ತುಂಬಿಕೊಂಡು, ಸತ್ತು, ಒಂದರ ಮೇಲೊಂದು ಪೇರಿಕೊಳ್ಳುತ್ತವೆ. ನಮ್ಮ ಉಗುರಲ್ಲಿ ಇರುವುದೂ ಕೆರಟಿನ್ನೇ. ಒಳಗಿನ ಎಳೆಚರ್ಮಕ್ಕೆ ನೋವಾಗದಿರಲಿ ಎಂದು ಮೈ ಕಟ್ಟಿಕೊಂಡ ಗೋಡೆ ಅದು.

ಗೋಡೆ ಎದ್ದರೆ ಆಚೆಯದು ಸರಿಯಾಗಿ ತಿಳಿಯುವುದೂ ಇಲ್ಲ. ಒಂದು ಪರೀಕ್ಷೆ ಮಾಡಿ. ಕಣ್ಣು ಮುಚ್ಚಿಕೊಳ್ಳಿ. ಹತ್ತಿಯ ಎಳೆಯೊಂದರಿಂದ ಆ ಉಬ್ಬನ್ನೂ, ಆಮೇಲೆ ಎಡಗೈಯ ಅದೇ ಬೆರಳನ್ನೂ ಮೆಲ್ಲಗೆ ಸವರಲು ಗೆಳೆಯನಿಗೆ ಹೇಳಿ. ಎಲ್ಲಿ ಚೆನ್ನಾಗಿ ತಿಳಿಯಿತು? ಎಡಗೈಯಲ್ಲಿ ಬರೆಯುವವರು ಕೈ ಅದಲುಬದಲು ಮಾಡಿಕೊಳ್ಳಿ.

ಇವತ್ತಿನ ಉಬ್ಬು ಎಷ್ಟಿದೆ ಎಂದು ಗುರುತು ಬರೆದಿಡಿ. ಬೇಸಿಗೆ ರಜೆಯಲ್ಲಿ ಪೆನ್ನು ಮುಟ್ಟದೆ ಮಾವಿನ ತೋಪಿನಲ್ಲಿ ಕುಣಿದು ಬಂದ ಮೇಲೆ, ಶಾಲೆ ತೆರೆಯುವ ದಿನ ಇನ್ನೊಮ್ಮೆ ನೋಡಿ. ಮೇಲಿನ ಪದರಗಳು ಉದುರಿ ಬೆರಳು ಬಹುಮಟ್ಟಿಗೆ ಮೆತ್ತಗಾಗಿರುತ್ತದೆ.